ತರಗೆಲೆ, ಗುಡ್ಡೆಯ ಮುಳಿಹುಲ್ಲು, ಕ್ಯಾಂಪ್‌ಫೈರ್: ಕಾಸರಗೋಡಿನಲ್ಲಿ ಬಯಲಲ್ಲಿ ಬೆಂಕಿ ಹಾಕುವ ಮೊದಲು

ಪ್ರಶ್ನೆ (ಬದಿಯಡ್ಕ ಸಮೀಪದ ಅಡಿಕೆ ಕೃಷಿಕರು): ನಮಸ್ಕಾರ ಸರ್. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಬೇಸಿಗೆಯಲ್ಲಿ ತರಗೆಲೆ ಗುಡಿಸಿ, ಮಣ್ಣು ಮುಚ್ಚಿ ಸುಟ್ಟು, ತರಕಾರಿ ಸಾಲಿಗೆ ಸುಡುಮಣ್ಣು ಮಾಡುವ ಕ್ರಮವಿದೆ. ತ್ಯಾಜ್ಯ ಸುಟ್ಟರೆ ದಂಡ ವಿಧಿಸಲಾಗುವುದು ಎಂದು ಪಂಚಾಯತಿನ ಮಲಯಾಳ ನೋಟಿಸಿನಲ್ಲಿದೆಯೆಂದು ನೆರೆಮನೆಯವರು ಓದಿ ಹೇಳಿದರು. ಸ್ವಂತ ತೋಟದ ಎಲೆಯೂ ತ್ಯಾಜ್ಯವಾಗುತ್ತದೆಯೇ?

ಉತ್ತರ (ಅಗ್ನಿಶಾಮಕ ದಳದ ನಿವೃತ್ತ ಅಧಿಕಾರಿ): ನಮಸ್ಕಾರ ಅಣ್ಣ. ಜಾಗ ನಮ್ಮದಾದರೆ ಬೆಂಕಿಯೂ ನಮ್ಮಿಷ್ಟ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಕಾನೂನು ಹಾಗೆ ನೋಡುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನೂ ಹೆಸರಿಸಿ, ಅದನ್ನು ಬೇರೆಯಾಗಿ ತನ್ನ ಆವರಣದೊಳಗೇ ಕೂಡಿಟ್ಟು ಸ್ಥಳೀಯಾಡಳಿತದ ನಿರ್ದೇಶನದಂತೆ ವಿಲೇವಾರಿ ಮಾಡಬೇಕೆಂದು ಹೇಳಿದವು. ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೇಶದಾದ್ಯಂತ ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ಸಂಪೂರ್ಣವಾಗಿ ನಿಷೇಧಿಸಿ, ಸಾಮಾನ್ಯ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ಪರಿಹಾರ ವಸೂಲಿಗೆ ಆದೇಶಿಸಿತು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿ ದಿನಗಟ್ಟಲೆ ಹೊತ್ತಿ ಉರಿದ ಮೇಲೆ ಕೇರಳದ ಪಂಚಾಯತುಗಳು ಈ ವಿಷಯದಲ್ಲಿ ಮೊದಲಿಗಿಂತ ಬಿಗಿಯಾಗಿವೆ.

ಆದುದರಿಂದ ಅಂಗಳ ಚೊಕ್ಕವಾಗಲೆಂದು ಎಲೆಗೆ ಬೆಂಕಿ ಕೊಡುವ ಅಭ್ಯಾಸವನ್ನು ಬಿಡಬೇಕು. ಆ ಎಲೆ ಅಡಿಕೆ ಮರದ ಬುಡದಲ್ಲಿ ಹರಡಿಕೊಂಡರೆ ಬೇಸಿಗೆಯ ತೇವವನ್ನು ಹಿಡಿದಿಡುತ್ತದೆ. ಸುಡುಮಣ್ಣು ಕೃಷಿಯ ಪದ್ಧತಿಯೆಂಬ ನಿಮ್ಮ ಮಾತು ನ್ಯಾಯವಾದದ್ದು, ಆದರೆ ದೂರು ಬಂದಾಗ ಅದನ್ನು ವಿವರಿಸುವುದಕ್ಕಿಂತ ಮೊದಲೇ ಪಂಚಾಯತು ಕಾರ್ಯದರ್ಶಿಯವರಿಗೆ ಬರೆದು ಕೇಳುವುದು ಮೇಲು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಕೇರಳದ ಅಧಿಕೃತ ಭಾಷಾ ಕಾಯಿದೆಯೇ ಆ ಹಕ್ಕನ್ನು ಕೊಟ್ಟಿದೆ, ಬಳಸದಿದ್ದರೆ ಅದು ಕಾಗದದಲ್ಲೇ ಉಳಿದೀತು.

ಅದೇ ಕೃಷಿಕರು: ಎಲೆ ಹೊತ್ತಿಕೊಳ್ಳಲು ಹಾಲಿನ ಪ್ಯಾಕೆಟನ್ನೋ ಗೊಬ್ಬರದ ಹಳೆಯ ಚೀಲವನ್ನೋ ಇಡುವ ರೂಢಿಯಿದೆ.

ಉತ್ತರ: ಅದನ್ನು ಇಂದೇ ನಿಲ್ಲಿಸಿ. ಪ್ಲಾಸ್ಟಿಕ್ ಸೇರಿದ ಕ್ಷಣಕ್ಕೆ ಅದು ಸುಡುಮಣ್ಣಾಗಿ ಉಳಿಯುವುದಿಲ್ಲ, ಆ ಬೂದಿ ನೀವು ತಿನ್ನುವ ಅಲಸಂಡೆಯ ಬುಡಕ್ಕೇ ಹೋಗುತ್ತದೆ. ಪ್ಲಾಸ್ಟಿಕನ್ನು ತೊಳೆದು ಒಣಗಿಸಿ, ಮನೆಮನೆಯಿಂದ ಅದನ್ನು ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಿ.

ಪ್ರಶ್ನೆ (ಪೈವಳಿಕೆ ಕಡೆಯ ಗೃಹಿಣಿ): ಸರ್, ನಮ್ಮ ಗೇರುತೋಟದ ಮೇಲಿನ ಗುಡ್ಡೆಯಲ್ಲಿ ಮುಳಿಹುಲ್ಲು ಎದೆಯೆತ್ತರ ಒಣಗಿ ನಿಂತಿದೆ. ಯಾರಾದರೂ ಬೀಡಿ ಎಸೆದು ಹತ್ತಿಕೊಳ್ಳುವುದಕ್ಕಿಂತ ನಾವೇ ಸುಟ್ಟುಬಿಟ್ಟರೆ ಒಳ್ಳೆಯದಲ್ಲವೇ?

ಉತ್ತರ: ಅಕ್ಕ, ನಿಮ್ಮ ಆತಂಕ ಸರಿಯಾದದ್ದು, ಉಪಾಯ ಮಾತ್ರ ಅಪಾಯಕಾರಿ. ನಮ್ಮ ಕರಾವಳಿಯಲ್ಲಿ ಬೆಳಗ್ಗೆ ಮೂಡುಗಾಳಿ ಮೆಲ್ಲನೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಪಡುಗಾಳಿ ಏಳುತ್ತದೆ. ಎಂಟು ಗಂಟೆಗೆ ಪಡುವಣಕ್ಕೆ ವಾಲಿ ಹದವಾಗಿ ಉರಿಯುತ್ತಿದ್ದ ಬೆಂಕಿ ಹನ್ನೊಂದರ ಹೊತ್ತಿಗೆ ಹಿಂದಿರುಗಿ, ಹಚ್ಚಿದವರ ಮೇಲೆಯೇ ಬರುವುದನ್ನು ನಾನು ಸೇವೆಯಲ್ಲಿದ್ದಾಗ ಮತ್ತೆ ಮತ್ತೆ ಕಂಡಿದ್ದೇನೆ. ಇಳಿಜಾರು ಅದಕ್ಕಿಂತ ಕಠಿಣ. ಜ್ವಾಲೆ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸುವುದರಿಂದ, ಏರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಮುರಕಲ್ಲಿನ ಗುಡ್ಡೆಗೆ ನಮ್ಮ ನೀರಿನ ವಾಹನ ಹತ್ತುವುದಿಲ್ಲ. ಸಿಬ್ಬಂದಿ ಹಸಿಸೊಪ್ಪಿನ ಕೊಂಬೆ ಮುರಿದುಕೊಂಡು ಓಡಬೇಕಾಗುತ್ತದೆ. ಒಮ್ಮೆ ಹಾಗೆ ಬಡಿಯುವಾಗ ನಮ್ಮ ಹೊಸ ಹುಡುಗನೊಬ್ಬ ಕೊಂಬೆಯನ್ನು ತಲೆಯ ಮೇಲಕ್ಕೆ ಎತ್ತಿ ಎತ್ತಿ ಹೊಡೆದ. ಪ್ರತಿ ಪೆಟ್ಟಿಗೂ ಕಿಡಿ ಹಾರಿ ಅವನ ಹಿಂದೆ ಮೂರು ಕಡೆ ಹುಲ್ಲು ಹತ್ತಿಕೊಂಡಿತು. ಕೊಂಬೆಯನ್ನು ಎತ್ತಬಾರದು, ಒತ್ತಿ ಹಿಡಿದು ಸುಟ್ಟ ಕಡೆಗೆ ಎಳೆಯಬೇಕು.

ನೀವು ಮಾಡಬೇಕಾದುದು ಸುಡುವುದಲ್ಲ, ಸವರುವುದು. ಹುಲ್ಲು ಪೂರ್ತಿ ಒಣಗುವ ಮೊದಲೇ ತೋಟದ ಗಡಿಯುದ್ದಕ್ಕೂ ನಾಲ್ಕೈದು ಮೀಟರ್ ಅಗಲಕ್ಕೆ ಸವರಿಸಿ, ಕೆಂಪು ನೆಲ ಕಾಣುವಂತೆ ಗುಡಿಸಿಡಿ. ಗೇರುಮರದ ಕೆಳಗಿನ ಒಣ ಎಲೆಯನ್ನೂ ಎಳೆದು ತೆಗೆಸಿ. ಬೆಂಕಿ ನಿಮ್ಮ ಕೈಮೀರಿ ನೆರೆಯವರ ತೋಟಕ್ಕೆ ನುಗ್ಗಿದರೆ ಅದು ಬರೀ ನಷ್ಟ ಪರಿಹಾರದ ವಿಷಯವಾಗಿ ಉಳಿಯುವುದಿಲ್ಲ. ಜೀವಕ್ಕೆ ಅಪಾಯವಾಗುವಂತೆ ಬೆಂಕಿಯಲ್ಲಿ ನಿರ್ಲಕ್ಷ್ಯ ತೋರುವುದು ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಂತೆ ಆರು ತಿಂಗಳವರೆಗಿನ ಸೆರೆವಾಸ, 2,000 ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಹೊಗೆ ಕಂಡೊಡನೆ 101ಕ್ಕೆ ಕರೆ ಮಾಡಿ. ನಾವೇ ಆರಿಸಿಕೊಳ್ಳೋಣ ಎಂದು ಕಾದ ಅರ್ಧ ಗಂಟೆಯೇ ಗುಡ್ಡೆಯನ್ನು ಕಳೆಯುತ್ತದೆ.

ಪ್ರಶ್ನೆ (ಮತ್ತೊಬ್ಬರು): ಹಾಗಾದರೆ ಒತ್ತೆಕೋಲದ ಮೇಲೇರಿಗೂ, ಅಂದರೆ ದೈವ ಹಾಯಲು ಉರಿಸುವ ಕಟ್ಟಿಗೆಯ ರಾಶಿಗೂ, ತೊಂದರೆಯಾದೀತೇ?

ಉತ್ತರ: ಕಟ್ಟಿಗೆ ಕಸವಲ್ಲ, ಆಚರಣೆ ವಿಲೇವಾರಿಯೂ ಅಲ್ಲ. ಆದರೆ ಜನ ನಿಲ್ಲುವ ದೂರ, ಚಪ್ಪರದ ಸೋಗೆ, ನೀರಿನ ವ್ಯವಸ್ಥೆ ಇವನ್ನು ಸಮಿತಿಯವರು ಪೊಲೀಸರಿಗೂ ಅಗ್ನಿಶಾಮಕ ಠಾಣೆಗೂ ಮುಂಚಿತವಾಗಿ ತಿಳಿಸಬೇಕು.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ): ಸರ್, ರಾಣಿಪುರಂಗೆ ಚಾರಣ ಹೋಗಿ ರಾತ್ರಿ ಕ್ಯಾಂಪ್‌ಫೈರ್ ಹಾಕುವ ಆಲೋಚನೆಯಿದೆ. ಅನುಮತಿ ಯಾರಲ್ಲಿ ಕೇಳಬೇಕು?

ಉತ್ತರ: ರಾಣಿಪುರಂನ ಹುಲ್ಲುಗಾವಲು ಅರಣ್ಯ ಇಲಾಖೆಯ ಅಧೀನದಲ್ಲಿದೆ. ಮೀಸಲು ಅರಣ್ಯದೊಳಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದೂ, ಉರಿಯುತ್ತಿರುವ ಬೆಂಕಿಯನ್ನು ಹಾಗೆಯೇ ಬಿಟ್ಟು ಬರುವುದೂ 1961ರ ಕೇರಳ ಅರಣ್ಯ ಕಾಯಿದೆಯ ಪ್ರಕಾರ ಜೈಲುಶಿಕ್ಷೆಗೆ ಅವಕಾಶವಿರುವ ಅಪರಾಧ. ಅಲ್ಲಿ ಬೆಂಕಿಯ ಯೋಚನೆಯನ್ನೇ ಬಿಡು ಮಗಾ. ಕೆಳಗೆ ಖಾಸಗಿ ಹೋಂಸ್ಟೇಯಲ್ಲಿ ಮಾಲೀಕರು ಒಪ್ಪಿ, ಬರಿನೆಲದಲ್ಲಿ, ಸುತ್ತ ಹುಲ್ಲು ಕೆರೆದು, ಮೊಣಕಾಲೆತ್ತರ ಮೀರದಂತೆ ಹಾಕಬಹುದು. ತೆಂಗಿನ ಒಣ ಮಡಲು ಬೇಡ, ಅದರ ಗರಿಯ ಕಿಡಿ ಗಾಳಿಗೆ ದೂರ ಹಾರುತ್ತದೆ. ಗೇರುಬೀಜದ ಸಿಪ್ಪೆಯೂ ಬೇಡ, ಅದರ ಎಣ್ಣೆ ಭಗ್ಗನೆ ಹತ್ತಿಕೊಂಡು ಹೊಗೆ ಕಣ್ಣು ಗಂಟಲನ್ನು ಸುಡುತ್ತದೆ.

ಅದೇ ವಿದ್ಯಾರ್ಥಿ: ಮುಗಿದ ಮೇಲೆ ಮಣ್ಣು ಮುಚ್ಚಿದರೆ ಸಾಕೇ ಸರ್?

ಉತ್ತರ: ಸಾಲದು. ಮಣ್ಣಾಗಲಿ ಹೊಯಿಗೆಯಾಗಲಿ ಮುಚ್ಚಿದರೆ ಕೆಂಡ ಕಣ್ಣಿಗೆ ಮರೆಯಾಗುತ್ತದೆ, ಆರುವುದಿಲ್ಲ. ಒಳಗೇ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಕಡಲಕರೆಯಲ್ಲಿ ಹೊಯಿಗೆ ಮುಚ್ಚಿಟ್ಟ ಇಂಥ ಕೆಂಡದ ಮೇಲೆ ಮರುದಿನ ಬೆಳಗ್ಗೆ ಬರಿಗಾಲಲ್ಲಿ ಓಡಿಬರುವ ಮಗುವನ್ನು ನೆನೆಸಿಕೊ. ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ನೀರು ಸುರಿಯಬೇಕು. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದಾಗ ಬಿಸಿ ತಾಗದಿದ್ದರೆ ಆಗ ಹೊರಡಬಹುದು. ಅದಕ್ಕಾಗಿ ಎರಡು ಬಕೆಟ್ ನೀರನ್ನು ಕಡ್ಡಿ ಗೀರುವ ಮೊದಲೇ ತಂದಿಡಿ.