ಕಣ್ಣುಗಳ ನಡುವಿನ ಜರಡಿ ಮೂಳೆ: ಕಿವಿ-ಮೂಗು-ಗಂಟಲು ವೈದ್ಯೆಗೆ ನಿಮ್ಮ ಪ್ರಶ್ನೆಗಳು

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ಕಳೆದ ವಾರ ಸೈನಸ್ ಎಂದವರೆಲ್ಲ ಹಣೆಯನ್ನೋ ಕೆನ್ನೆಯನ್ನೋ ತೋರಿಸಿದಿರಿ. ಇವತ್ತು ಅವೆರಡರ ನಡುವೆ ಅಡಗಿರುವ ಎಥ್ಮಾಯ್ಡ್ ಮೂಳೆಯ ಬಗ್ಗೆ ಕೇಳಿ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಜರಡಿಯಂಥದ್ದು ಎಂದು ಅರ್ಥ. ಮೂಗಿನ ಸೂರಿನಲ್ಲಿ ಕೂತಿರುವ ಇದರ ಮೇಲ್ತಟ್ಟೆಯ ತುಂಬ ಸಣ್ಣ ತೂತುಗಳು. ವಾಸನೆಯ ನರದ ಎಳೆಗಳು ಅವುಗಳ ಮೂಲಕವೇ ಮೆದುಳಿಗೆ ಏರುತ್ತವೆ. ಒಳಗೆ ಜೇನುಗೂಡಿನಂತೆ ಗಾಳಿಯ ಕೋಶಗಳು. ಇದರ ಪಕ್ಕದ ಗೋಡೆಯೇ ಕಣ್ಣಿನ ಗೂಡಿನ ಒಳಗೋಡೆಯೂ ಹೌದು. ಕಾಗದದಷ್ಟು ತೆಳುವಾದ್ದರಿಂದ ಲ್ಯಾಟಿನ್‌ನಲ್ಲಿ ಅದಕ್ಕೆ ಕಾಗದದಂಥ ಹಾಳೆ ಎಂದೇ ಹೆಸರಿಟ್ಟಿದ್ದಾರೆ. ಕೇಳಿ.

ದಾವಣಗೆರೆಯ ಸದಸ್ಯ: ಬೆಳಿಗ್ಗೆ ಎದ್ದ ತಕ್ಷಣ ಇಪ್ಪತ್ತು ಸೀನು, ಎರಡೂ ಹೊಳ್ಳೆಗಳಿಂದ ನೀರು, ಮೂಗು ತುರಿಕೆ. ಇದು ಆ ಮೂಳೆಯ ತೊಂದರೆಯೇ?

ಡಾಕ್ಟರ್: ಅಲ್ಲ. ನೀವು ಹೇಳುವುದು ಅಲರ್ಜಿಯ ಲಕ್ಷಣ. ಹಾಸಿಗೆ, ಧೂಳು, ಸಾಕುಪ್ರಾಣಿ ನೋಡಿಕೊಳ್ಳಿ. ಹತ್ತಿರದ ವೈದ್ಯರನ್ನು ಕಂಡು ಮೂಗಿಗೆ ಸಿಂಪಡಿಸುವ ಔಷಧ ಬರೆಸಿಕೊಳ್ಳಿ.

ಶಿರಸಿಯ ಸದಸ್ಯೆ: ಮೇಡಂ, ನನ್ನ ಅಮ್ಮನಿಗೆ 47 ವರ್ಷ. ಎಂಟು ತಿಂಗಳಿಂದ ಬಲ ಹೊಳ್ಳೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತದೆ. ರಂಗೋಲಿ ಹಾಕಲು ಬಗ್ಗಿದರೆ ನೆಲದ ಮೇಲೆ ಹನಿ ಬೀಳುತ್ತದೆ. ಸೀನಿಲ್ಲ, ತುರಿಕೆಯಿಲ್ಲ. ಮಲಗಿದಾಗ ಗಂಟಲಲ್ಲಿ ಉಪ್ಪುಪ್ಪು ಎನ್ನುತ್ತಾರೆ. ಅಲರ್ಜಿ ಮಾತ್ರೆ ಆರು ತಿಂಗಳು ನುಂಗಿಯಾಯಿತು. ಮೊದಲು ತುಂಬ ತಲೆನೋವಿತ್ತು, ನೀರು ಶುರುವಾದ ಮೇಲೆ ಅದೇ ಕಡಿಮೆಯಾಗಿದೆ. ಪೆಟ್ಟೇನೂ ಬಿದ್ದಿಲ್ಲ. ಸ್ವಲ್ಪ ದಪ್ಪ ಇದ್ದಾರೆ.

ಡಾಕ್ಟರ್: ಅಮ್ಮಾ, ಅಲರ್ಜಿ ಮಾತ್ರೆಯನ್ನು ಬದಿಗಿಟ್ಟು ಇದನ್ನು ಪೂರ್ತಿ ಓದಿ. ನೀವು ಬರೆದ ಒಂದೊಂದು ಮಾತೂ ನನ್ನನ್ನು ಒಂದೇ ಕಡೆಗೆ ಕೊಂಡೊಯ್ಯುತ್ತಿದೆ. ಒಂದೇ ಹೊಳ್ಳೆ, ತಿಳಿನೀರು, ಬಗ್ಗಿದಾಗ ಹನಿ, ಉಪ್ಪಿನ ರುಚಿ. ಇದು ಮೂಗಿನ ನೀರಲ್ಲ, ಮೆದುಳನ್ನು ಸುತ್ತುವರಿದ ದ್ರವ ಇರಬಹುದು. ಆ ಜರಡಿ ತಟ್ಟೆಯ ಪಕ್ಕದ ಅಂಚು ತಲೆಬುರುಡೆಯ ತಳದಲ್ಲಿ ಬಹಳ ತೆಳುವಾದ ಜಾಗ. ಕೆಲವರಲ್ಲಿ, ಅದರಲ್ಲೂ ತೂಕ ಹೆಚ್ಚಿರುವ ನಡುವಯಸ್ಸಿನ ಹೆಂಗಸರಲ್ಲಿ, ತಲೆಯೊಳಗಿನ ದ್ರವದ ಒತ್ತಡ ವರ್ಷಗಟ್ಟಲೆ ಹೆಚ್ಚಿರುತ್ತದೆ. ಆ ಒತ್ತಡ ಮೂಳೆಯನ್ನು ಸವೆಸಿ ಸವೆಸಿ ಕೊನೆಗೆ ತೂತು ಮಾಡುತ್ತದೆ. ತೂತಾದ ಮೇಲೆ ಒತ್ತಡ ಇಳಿದು ತಲೆನೋವು ಕಡಿಮೆಯಾಗುತ್ತದೆ. ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ನಿಮ್ಮ ಅಮ್ಮನ ತಲೆನೋವು ಕಡಿಮೆಯಾದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿದೆ.

ಒಂದು ಕೆಲಸ ಮಾಡಿ. ಆ ನೀರನ್ನು ಬಿಳಿ ಹತ್ತಿ ಕರವಸ್ತ್ರದ ಮೇಲೆ ಬೀಳಿಸಿ ಒಣಗಲು ಬಿಡಿ. ನೆಗಡಿಯ ಸಿಂಬಳ ಒಣಗಿದರೆ ಬಟ್ಟೆ ಗಂಜಿ ಹಾಕಿದಂತೆ ಗಡುಸಾಗುತ್ತದೆ, ಈ ದ್ರವ ಒಣಗಿದರೆ ಆಗುವುದಿಲ್ಲ. ಇದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಸಾಕ್ಷಿ ಬೇಕಿದ್ದರೆ ನೀರನ್ನು ಶುದ್ಧ ಬಾಟಲಿಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಕಳುಹಿಸಬೇಕು. ಅದು ಮೆದುಳು ದ್ರವದಲ್ಲಿರುವ ಪ್ರೋಟೀನು, ಮೂಗಿನ ಸಿಂಬಳದಲ್ಲಿ ಇರುವುದಿಲ್ಲ. ಜೊತೆಗೆ ತಲೆಬುರುಡೆಯ ತಳದ ಸೂಕ್ಷ್ಮ ಸಿ.ಟಿ. ಸ್ಕ್ಯಾನ್, ಎಂ.ಆರ್.ಐ., ಕಣ್ಣಿನ ಹಿಂಭಾಗದ ನರದ ತಪಾಸಣೆ.

ಅಲ್ಲಿಯವರೆಗೆ ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಭಾರ ಎತ್ತಬಾರದು, ಶೌಚದಲ್ಲಿ ಮುಕ್ಕರಿಸಬಾರದು. ಮೂಗಿಗೆ ನೀರು, ಎಣ್ಣೆ, ಹನಿ ಯಾವುದೂ ಬೇಡ. ದ್ರವ ಹೊರಬರುವ ದಾರಿಯಲ್ಲೇ ರೋಗಾಣು ಒಳಗೆ ಏರಿ ಮೆದುಳಿನ ಪೊರೆಗೆ ಸೋಂಕು ತರುತ್ತದೆ. ಜ್ವರ, ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಇವುಗಳಲ್ಲಿ ಯಾವುದು ಕಂಡರೂ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮೆದುಳಿನ ಪೊರೆಗೆ ಸೋಂಕು ತರುವ ನ್ಯುಮೋಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ದುರಸ್ತಿಯನ್ನು ಮೂಗಿನ ಮೂಲಕವೇ ದುರ್ಬೀನಿನಿಂದ (ಎಂಡೋಸ್ಕೋಪ್) ಮಾಡುತ್ತೇವೆ, ತಲೆ ತೆರೆಯಬೇಕಿಲ್ಲ. ಹೆಚ್ಚಿನವರಿಗೆ ಮೊದಲ ಸಲವೇ ಮುಚ್ಚಿಕೊಳ್ಳುತ್ತದೆ. ಎರಡು ವರ್ಷ ಅಲರ್ಜಿ ಮಾತ್ರೆ ನುಂಗಿ ಕೊನೆಗೆ ಪ್ರಜ್ಞೆ ತಪ್ಪಿ ಬಂದ ಒಬ್ಬ ತಾಯಿಯನ್ನು ನಾನು ನೋಡಿದ್ದೇನೆ. ನಿಮ್ಮ ಅಮ್ಮನಿಗೆ ಆ ಸ್ಥಿತಿ ಬರಬಾರದು.

ತುಮಕೂರಿನ ಸದಸ್ಯ: ನನಗೂ ಮೂಗಿನಿಂದ ನೀರು ಬರುತ್ತದೆ, ಎರಡೂ ಕಡೆ. ಮೆದುಳಿನ ನೀರೇ?

ಡಾಕ್ಟರ್: ಎರಡೂ ಕಡೆ, ಸೀನಿನ ಜೊತೆ ಎಂದಾದರೆ ದಾವಣಗೆರೆಯವರಿಗೆ ಕೊಟ್ಟ ಉತ್ತರ ನೋಡಿ.

ಲ್ಯಾಬ್ ತಂತ್ರಜ್ಞ: ಶಿರಸಿಯವರು ಸಕ್ಕರೆ ಪರೀಕ್ಷಿಸುವ ಪಟ್ಟಿಯ ಮೇಲೆ ಒಂದು ಹನಿ ಹಾಕಿ ನೋಡಬಹುದಲ್ಲ? ಮೆದುಳು ದ್ರವದಲ್ಲಿ ಗ್ಲೂಕೋಸ್ ಇರುತ್ತದೆ.

ಡಾಕ್ಟರ್: ಹಳೆಯ ಪದ್ಧತಿ, ನಂಬಬೇಡಿ. ಕಣ್ಣೀರಿನಲ್ಲೂ ಸಿಂಬಳದಲ್ಲೂ ಗ್ಲೂಕೋಸ್ ಇರಬಹುದು.

ಮೈಸೂರಿನ ವಿದ್ಯಾರ್ಥಿ: ಮೇಡಂ, ಜರಡಿ ತಟ್ಟೆಯ ತಗ್ಗನ್ನು ಆಳದ ಮೇಲೆ ಮೂರು ಬಗೆಯಾಗಿ ವಿಂಗಡಿಸುವ ಕೆರೋಸ್ ವರ್ಗೀಕರಣ ಎಷ್ಟು ಮುಖ್ಯ?

ಡಾಕ್ಟರ್: ಮೂಗಿನೊಳಗೆ ಉಪಕರಣ ಹಾಕುವ ಮೊದಲು ಸ್ಕ್ಯಾನಿನಲ್ಲಿ ನಾನು ಹುಡುಕುವುದೇ ಅದನ್ನು. ವಾಸನೆಯ ನರ ಕೂರುವ ತಗ್ಗು 1ರಿಂದ 3 ಮಿಲಿಮೀಟರ್ ಆಳವಿದ್ದರೆ ಮೊದಲ ಬಗೆ, 4ರಿಂದ 7 ಎರಡನೆಯದು, 8ರಿಂದ 16 ಮೂರನೆಯದು. 1962ರಲ್ಲಿ ಬಂದದ್ದು. ತಗ್ಗು ಆಳವಾದಷ್ಟೂ ಅದರ ಪಕ್ಕದ ತೆಳುಗೋಡೆ ಉದ್ದವಾಗಿ ನಮ್ಮ ದಾರಿಗೆ ಅಡ್ಡ ನಿಲ್ಲುತ್ತದೆ. ಎಡ ಬಲ ಒಂದೇ ಸಮ ಇರುತ್ತವೆ ಎಂದೂ ಭಾವಿಸಬೇಡ. ಎರಡನ್ನೂ ಅಳೆಯುವುದನ್ನು ಈಗಲೇ ರೂಢಿಸಿಕೋ.

ಮಂಡ್ಯದ ಸದಸ್ಯ: ಗೊರಕೆಗೆ ಏನು ಮಾಡಬೇಕು?

ಉಡುಪಿಯ ಸದಸ್ಯ: ಇಷ್ಟೆಲ್ಲ ಪರೀಕ್ಷೆ ಯಾಕೆ? ಎರಡು ಹನಿ ನಿಂಬೆರಸ ಮೂಗಿಗೆ ಬಿಟ್ಟರೆ ಸೈನಸ್ ಎಲ್ಲ ಕರಗಿ ಹೊರಬರುತ್ತದೆ. ನಮ್ಮ ಗುಂಪಿನಲ್ಲಿ ಬಂದ ವೀಡಿಯೊ ಕಳುಹಿಸಲೇ?

ಡಾಕ್ಟರ್: ಬೇಡ. 2021ರ ಕೋವಿಡ್ ಕಾಲದಲ್ಲೂ ಇದೇ ನಿಂಬೆರಸ ಹರಿದಾಡಿತ್ತು. ನಿಂಬೆರಸ ಆಮ್ಲ. ವಾಸನೆ ಹಿಡಿಯುವ ನರದ ತುದಿಗಳು ಮೂಗಿನ ಸೂರಿನಲ್ಲಿ ಹೊದಿಕೆಯಿಲ್ಲದೆ ತೆರೆದುಕೊಂಡಿವೆ. ಅವುಗಳ ಮೇಲೆ ಆಮ್ಲ ಸುರಿಯುತ್ತೀರಾ? ಸೈನಸ್ ಕರಗುವ ವಸ್ತುವಲ್ಲ, ಅದು ಗಾಳಿ ತುಂಬಿದ ಕೋಣೆ.

ಧಾರವಾಡದ ಯೋಗ ಶಿಕ್ಷಕ: ಡಾಕ್ಟರೇ, ಹಾಗೆಂದು ಜಲನೇತಿಯನ್ನೂ ಅದೇ ಸಾಲಿಗೆ ಸೇರಿಸಬೇಡಿ. ಹಠಯೋಗದ ಷಟ್ಕರ್ಮಗಳೆಂಬ ಆರು ಶುದ್ಧಿಕ್ರಿಯೆಗಳಲ್ಲಿ ನೇತಿಯೂ ಒಂದು.

ಡಾಕ್ಟರ್: ಸೇರಿಸಿಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ನಾನೇ ರೋಗಿಗಳಿಗೆ ಹೇಳುತ್ತೇನೆ. ಆದರೆ ನೀರು ಕುದಿಸಿ ಆರಿಸಿದ್ದಾಗಿರಬೇಕು. ನಲ್ಲಿ, ಬೋರ್‌ವೆಲ್, ಬಾವಿ, ಕೆರೆ ಯಾವ ನೀರನ್ನೂ ನೇರವಾಗಿ ಬಳಸಬೇಡಿ. ನೆಗ್ಲೇರಿಯಾ ಫೌಲೇರಿ ಎಂಬ ಅಮೀಬಾ ನೀರಿನ ಜೊತೆ ಮೂಗಿಗೆ ಹೋದರೆ ವಾಸನೆಯ ನರ ಹಿಡಿದು ಇದೇ ಜರಡಿಯ ತೂತುಗಳಿಂದ ಮೆದುಳಿಗೆ ದಾಟುತ್ತದೆ. ಬಹಳ ಅಪರೂಪ, ಆದರೆ ಬಂದವರಲ್ಲಿ ಬದುಕಿದವರು ಬಹಳ ಕಡಿಮೆ. 2024ರಲ್ಲಿ ಪಕ್ಕದ ಕೇರಳದಲ್ಲಿ ಮಕ್ಕಳು ತೀರಿಕೊಂಡರು. ಕುಡಿದರೆ ಅದೇ ನೀರು ಆ ರೋಗ ತರುವುದಿಲ್ಲ. ಹೋಗುವ ದಾರಿ ಮೂಗು.

ಯೋಗ ಶಿಕ್ಷಕ: ಮೂವತ್ತು ವರ್ಷದಿಂದ ಬಾವಿ ನೀರಿನಲ್ಲೇ ಮಾಡಿಸುತ್ತಿದ್ದೇನೆ, ಯಾರಿಗೂ ಏನೂ ಆಗಿಲ್ಲ.

ಹುಬ್ಬಳ್ಳಿಯ ನಿವೃತ್ತ ಶಿಕ್ಷಕಿ: ಆಗಿಲ್ಲ ಎನ್ನುವುದು ಪುರಾವೆಯಲ್ಲ, ಗುರುಗಳೇ. ನೀರು ಕುದಿಸಲು ಏನು ಕಷ್ಟ?

ಉಡುಪಿಯ ಸದಸ್ಯ: ನಮ್ಮ ಪರಂಪರೆಯದ್ದೆಲ್ಲ ತಪ್ಪು, ಮಾತ್ರೆ ಮಾತ್ರ ಸರಿ ಎನ್ನುವವರಿಗೆ ಏನು ಹೇಳುವುದು?

ಶಿಕ್ಷಕಿ: ನೀರು ಕುದಿಸಿ ಎಂದರೆ ಪರಂಪರೆಗೆ ಅವಮಾನವೇ? ನಮ್ಮ ಅಜ್ಜಿ ಬಾಣಂತಿಗೆ ಕುದಿಸಿದ ನೀರನ್ನೇ ಕೊಡುತ್ತಿದ್ದರು.

ಯೋಗ ಶಿಕ್ಷಕ: ನಾನು ಅವಮಾನ ಎಂದಿಲ್ಲ. ನನ್ನ ಮಾತನ್ನು ತಿರುಚಬೇಡಿ.

ಹಾಸನದ ಸದಸ್ಯೆ: ದಯವಿಟ್ಟು ಯಾರಾದರೂ ನೋಡಿ. ಮಗನಿಗೆ ನಾಲ್ಕು ವರ್ಷ. ಐದು ದಿನದಿಂದ ನೆಗಡಿ, ನಿನ್ನೆಯಿಂದ ಜ್ವರ. ಬೆಳಿಗ್ಗೆ ಎಡಗಣ್ಣು ಊದಿಕೊಂಡಿತ್ತು, ಈಗ ಪೂರ್ತಿ ಮುಚ್ಚಿದೆ. ಔಷಧದ ಅಂಗಡಿಯಲ್ಲಿ ಕಣ್ಣಿನ ಹನಿ ಕೊಟ್ಟರು.

ಉಡುಪಿಯ ಸದಸ್ಯ: ಅಕ್ಕಾ, ಹುಳ ಕಚ್ಚಿರಬಹುದು. ಅರಿಶಿನದ ಬಟ್ಟೆ ಒತ್ತಿ.

ಡಾಕ್ಟರ್: ಯಾರೂ ಏನೂ ಒತ್ತಬೇಡಿ. ಹಾಸನದವರೇ, ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ ನೋಡಿ. ಕಣ್ಣುಗುಡ್ಡೆ ಮುಂದಕ್ಕೆ ಬಂದಿದೆಯೇ? ನಿಮ್ಮ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತಾನೆಯೇ? ನೋವು ಎನ್ನುತ್ತಾನೆಯೇ?

ಹಾಸನದ ಸದಸ್ಯೆ: ಸ್ವಲ್ಪ ಮುಂದೆ ಬಂದ ಹಾಗಿದೆ. ಮೂಗಿನ ಕಡೆಗೆ ತಿರುಗಿಸಲು ಹೇಳಿದರೆ ಅಳುತ್ತಾನೆ.

ಡಾಕ್ಟರ್: ಈಗಲೇ ಹೊರಡಿ. ಕಣ್ಣಿನ ವೈದ್ಯರೂ ಮಕ್ಕಳ ವೈದ್ಯರೂ ಸ್ಕ್ಯಾನೂ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಹಣೆಯ ಸೈನಸ್ ಈ ವಯಸ್ಸಿಗೆ ಸರಿಯಾಗಿ ಬೆಳೆದಿರುವುದಿಲ್ಲ, ಆದರೆ ಎಥ್ಮಾಯ್ಡ್ ಕೋಶಗಳು ಹುಟ್ಟಿದಾಗಲೇ ಇರುತ್ತವೆ. ಅಲ್ಲಿನ ಸೋಂಕು ಕಾಗದದಂಥ ಗೋಡೆ ದಾಟಿ ಕಣ್ಣಿನ ಗೂಡಿಗೆ ಬರುತ್ತದೆ. ಕೀವು ಕಟ್ಟಿ ಕಣ್ಣಿನ ನರವನ್ನು ಒತ್ತಿದರೆ ದೃಷ್ಟಿ ಹೋಗುವುದು ದಿನಗಳ ಲೆಕ್ಕದಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿ. ಅವನಿಗೆ ಬೇಕಿರುವುದು ರಕ್ತನಾಳದ ಮೂಲಕ ಕೊಡುವ ಔಷಧ. ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದುಕೊಂಡು ದಾರಿಯಲ್ಲಿ ಏನೂ ತಿನ್ನಿಸಬೇಡಿ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ಬೆಳಗಾವಿಯ ಸದಸ್ಯ: ಮೇಡಂ, ನನ್ನ ಅಣ್ಣ ಬಡಗಿ, 28 ವರ್ಷದ ಕೆಲಸ. ಐದು ತಿಂಗಳಿಂದ ಎಡ ಹೊಳ್ಳೆ ಮಾತ್ರ ಕಟ್ಟಿದೆ, ಆಗಾಗ ರಕ್ತ.

ಡಾಕ್ಟರ್: ಇದೇ ವಾರ ದುರ್ಬೀನು ಹಾಕಿಸಿ ನೋಡಿಸಿ. ಒಂದೇ ಕಡೆ ಕಟ್ಟಿ ರಕ್ತ ಬಂದರೆ ಗಡ್ಡೆ ಇಲ್ಲ ಎಂದು ಖಚಿತವಾಗುವವರೆಗೆ ಬಿಡಬಾರದು. ಇಂಗ್ಲೆಂಡಿನ ಹೈ ವೈಕೋಂಬ್ ಕುರ್ಚಿ ಮೇಜು ತಯಾರಿಕೆಗೆ ಹೆಸರಾಗಿದ್ದ ಊರು. 1960ರ ದಶಕದಲ್ಲಿ ಅಲ್ಲಿನ ಮರಗೆಲಸದವರಲ್ಲಿ ಎಥ್ಮಾಯ್ಡ್ ಕ್ಯಾನ್ಸರ್ ಹೆಚ್ಚಿರುವುದನ್ನು ವೈದ್ಯರು ಗುರುತಿಸಿದರು. ಗಟ್ಟಿಮರದ ಸಣ್ಣ ಹುಡಿ ಕಾರಣ. ಅಣ್ಣನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಕೆಲಸದ ವಿಷಯವನ್ನು ಅಲ್ಲಿನ ವೈದ್ಯರಿಗೆ ಮೊದಲೇ ಹೇಳಿ.

ಕೋಲಾರದ ಸದಸ್ಯೆ: ಮೂಗಿನಿಂದ ನೀರು ಬರುತ್ತಿದೆ.

ಡಾಕ್ಟರ್: ಎಷ್ಟು ಹೊಳ್ಳೆ?

ಕೋಲಾರದ ಸದಸ್ಯೆ: ಎರಡು.

ಡಾಕ್ಟರ್: ಮೇಲೆ ಎರಡು ಸಲ ಬರೆದಿದ್ದೇನೆ.

ಮಂಡ್ಯದ ಸದಸ್ಯ: ಗೊರಕೆಯ ಬಗ್ಗೆ ಕೇಳಿದ್ದೆ. ದೊಡ್ಡ ದೊಡ್ಡ ಕಾಯಿಲೆಯವರಿಗೆ ಮಾತ್ರ ಉತ್ತರವೇ?

ಉಡುಪಿಯ ಸದಸ್ಯ: ಬೆಳ್ಳುಳ್ಳಿ ಎಸಳನ್ನು ಮೂಗಿಗೆ ತುರುಕಿ ಹತ್ತು ನಿಮಿಷ ಬಿಟ್ಟು ತೆಗೆದರೆ ಕಫ ಹೇಗೆ ಸುರಿಯುತ್ತದೆ ನೋಡಿ.

ಡಾಕ್ಟರ್: ಸುರಿಯುವುದು ಬೆಳ್ಳುಳ್ಳಿಯ ಉರಿಗೆ ಮೂಗು ಬಿಡುವ ಸಿಂಬಳ. ಒಳಗೆ ಸಿಕ್ಕಿಕೊಂಡ ಎಸಳನ್ನು ತೆಗೆಯಲು ನನ್ನ ಬಳಿಗೇ ಬರುತ್ತಾರೆ. ಇನ್ನೊಂದು ಮದ್ದು ಹಾಕಿದರೆ ನಿಮ್ಮ ಸಂದೇಶಗಳನ್ನು ತೆಗೆಸುತ್ತೇನೆ.

ಯೋಗ ಶಿಕ್ಷಕ: ತೆಗೆಸುವುದಾದರೆ ಚರ್ಚೆ ಏಕೆ?

ಶಿಕ್ಷಕಿ: ನಿಮಗೆ ಹೇಳಿದ್ದಲ್ಲ. ನೀವು ಇನ್ನೂ ನೀರಿನ ಮಾತಿಗೆ ಉತ್ತರ ಕೊಟ್ಟಿಲ್ಲ.

ಯೋಗ ಶಿಕ್ಷಕ: ನಾಳೆಯಿಂದ ಕುದಿಸುತ್ತೇನೆ. ಸಾಕೇ?

ಹಾಸನದ ಸದಸ್ಯೆ: ತಲುಪಿದೆವು. ಸ್ಕ್ಯಾನ್ ಆಯಿತು. ಮೂಳೆಗೂ ಅದರ ಪೊರೆಗೂ ನಡುವೆ ಕೀವು ಇದೆಯಂತೆ. ದಾಖಲು ಮಾಡಿಕೊಂಡರು.

ಡಾಕ್ಟರ್: ಸರಿಯಾದ ಕಡೆ ಇದ್ದೀರಿ. ದೃಷ್ಟಿಯನ್ನೂ ಬಣ್ಣ ಗುರುತಿಸುವುದನ್ನೂ ಅವರು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ, ಬೇಸರಿಸಬೇಡಿ. ಕೀವು ತೆಗೆಯಬೇಕು ಎಂದರೆ ತಡ ಮಾಡದೆ ಒಪ್ಪಿಕೊಳ್ಳಿ.

ಶಿರಸಿಯ ಸದಸ್ಯೆ: ಮೇಡಂ, ಕರವಸ್ತ್ರ ಒಣಗಿತು, ಗಡುಸಾಗಲೇ ಇಲ್ಲ. ಮೂರು ವಾರಕ್ಕೆ ತಂಗಿಯ ಮದುವೆ. ಅದು ಮುಗಿದ ಮೇಲೆ ತೋರಿಸಿದರೆ ಆಗದೇ ಎಂದು ಅಮ್ಮ ಕೇಳುತ್ತಿದ್ದಾರೆ.

ಡಾಕ್ಟರ್: ಆಗದು. ಮದುವೆ ಮನೆಯಲ್ಲಿ ಅವರು ಪಾತ್ರೆ ಎತ್ತದೆ, ಬಗ್ಗದೆ ಇರುವರೇ? ನಾಳೆ ಬೆಳಿಗ್ಗೆ ಅಮ್ಮನನ್ನು ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಮುಚ್ಚಳವಿರುವ ಶುದ್ಧ ಬಾಟಲಿಗೆ ಬೀಳುವಷ್ಟು ಹನಿ ಹಿಡಿಯಿರಿ. ಕೂಡಲೇ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಅಮ್ಮನ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಬಾಟಲಿಯ ಮೇಲೆ ಬಲ ಹೊಳ್ಳೆ ಎಂದು ಬರೆಯಿರಿ.