ಮುಳ್ಳುಹಂದಿ ಕರುಳಲ್ಲಿ ಸಿಕ್ಕ ಹುಳು: ಹೊಸ ಪ್ರಭೇದವಾ?

ಘಟ್ಟದಹಕ್ಕಿ, ಶಿರಸಿ:
ದೇವಿಮನೆ ಘಟ್ಟದಲ್ಲಿ ಲಾರಿಗೆ ಸಿಕ್ಕಿ ಮುಳ್ಳುಹಂದಿ ಸತ್ತಿತ್ತು. ಒಡೆದ ಕರುಳಲ್ಲಿ ಬಿಳಿ ದುಂಡುಹುಳು. ಎರಡನ್ನು ಸ್ಪಿರಿಟ್‌ನಲ್ಲಿ ಹಾಕಿಟ್ಟಿದ್ದೇನೆ. ಗೂಗಲ್‌ನಲ್ಲಿ ಎಲ್ಲೂ ಕಾಣ್ತಿಲ್ಲ. ಹೊಸ ಪ್ರಭೇದ ಇರಬಹುದಾ? ಡಿಎನ್‌ಎ ಮಾಡಿಸಿದರೆ ಸಾಕಾ? ಹೆಸರು ನಾನೇ ಇಡಬಹುದಾ?

ನಿವೃತ್ತ ಮಾಸ್ತರು, ಕುಮಟಾ:
ತಮಾ, ಗೂಗಲ್‌ನಲ್ಲಿ ಕಾಣದ್ದೆಲ್ಲ ಹೊಸದಾದರೆ ನಮ್ಮೂರಿನ ಅರ್ಧ ಜನ ಹೊಸ ಪ್ರಭೇದವೇ.

ಮೊದಲು ಗಂಡು ಹುಳು ಇದೆಯಾ ನೋಡು. ಸಾಮಾನ್ಯವಾಗಿ ಚಿಕ್ಕದು, ಬಾಲ ಸುರುಳಿ ಸುತ್ತಿರ್ತದೆ ಇಲ್ಲವೇ ತುದಿ ಅಗಲವಾಗಿ ಅರಳಿರ್ತದೆ. ಗುಟ್ಟೆಲ್ಲ ಆ ಬಾಲದಲ್ಲೇ. ಕೂಡುವಾಗ ಹೊರಚಾಚುವ ಸ್ಪಿಕ್ಯೂಲ್ ಎಂಬ ಗಟ್ಟಿ ಕಡ್ಡಿಗಳು ಎಷ್ಟುದ್ದ, ಎರಡೂ ಸಮವಾ, ಸುತ್ತ ಪ್ಯಾಪಿಲ್ಲಾ ಎಂಬ ಸಣ್ಣ ಉಬ್ಬುಗಳು ಎಷ್ಟು ಜೋಡಿ, ಅದನ್ನೆಲ್ಲ ನೋಡಬೇಕು. ಬರೇ ಹೆಣ್ಣಿದ್ದರೆ ಕುಲದವರೆಗೆ (ಜೀನಸ್) ಗುರುತಿಸಬಹುದು, ಪ್ರಭೇದಕ್ಕೆ ಬಹಳ ಸಲ ದಾರಿಯಿಲ್ಲ. ಲ್ಯಾಕ್ಟೋಫಿನಾಲ್ ಎಂಬ ದ್ರಾವಣದಲ್ಲಿಟ್ಟರೆ ಮೈ ಪಾರದರ್ಶಕವಾಗ್ತದೆ. ತಲೆಯನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ, ಬಾಯಿ ಮೇಲಾಗಿ ನಿಲ್ಲಿಸಿ ತುಟಿ ಎಣಿಸಬೇಕು. ಕೈ ನಡುಗಬಾರದು, ಎರಡನೇ ಲೋಟ ಚಾ ಆಮೇಲೆ ಕುಡಿ.

ಉದ್ದ ಒಂದನ್ನೇ ನಂಬಬೇಡ. ಅದೇ ಹುಳು ಬೇರೆ ಪ್ರಾಣಿಯಲ್ಲಿ ಬೆಳೆದರೆ, ಅಥವಾ ಒಂದೇ ಕರುಳಲ್ಲಿ ಕಿಕ್ಕಿರಿದರೆ, ಗಿಡ್ಡವಾಗಿಬಿಡಬಹುದು. ಹೀಗೆ ಹುಟ್ಟಿದ ಎಷ್ಟೋ ‘ಹೊಸ’ ಹೆಸರುಗಳು ಆಮೇಲೆ ಹಳೆಯ ಹೆಸರಿನೊಳಗೆ ಸೇರಿಹೋಗಿವೆ.

ಡಿಎನ್‌ಎ ಬೇಕು, ಆದರೆ ಅದೊಂದೇ ಸಾಲದು. ಎಷ್ಟೋ ಹಳೆಯ ಪ್ರಭೇದಗಳದ್ದನ್ನು ಜೀನ್‌ಬ್ಯಾಂಕ್ ಎಂಬ ಡಿಎನ್‌ಎ ದಾಖಲೆ ಭಂಡಾರಕ್ಕೆ ಯಾರೂ ಹಾಕೇ ಇಲ್ಲ, ಹೋಲಿಕೆ ಎಲ್ಲಿಂದ ಸಿಗಬೇಕು? ಆ ಕುಲದ ಮೂಲ ವರ್ಣನೆಗಳನ್ನು ಕೂತು ಓದದೆ ಗತಿಯಿಲ್ಲ. ಮುಂದೆ ಜೀವಂತ ಹುಳು ಸಿಕ್ಕರೆ ಬಿಸಿ ಮಾಡಿದ 70% ಆಲ್ಕೋಹಾಲ್‌ಗೆ ಹಾಕು, ನೆಟ್ಟಗಾಗಿ ಸಾಯ್ತದೆ. ಒಲೆ ಮೇಲಿಟ್ಟು ಕಾಯಿಸಬೇಡ ಮಾರಾಯ, ಬಿಸಿನೀರಿನ ಪಾತ್ರೆಯಲ್ಲಿಡು. ಫಾರ್ಮಾಲಿನ್ ಡಿಎನ್‌ಎ ಕೆಡಿಸ್ತದೆ.

ಕಾಳಿತೀರ, ಕಾರವಾರ:
ಎಲ್ಲಕ್ಕಿಂತ ಮೊದಲು ವಲಯ ಅರಣ್ಯಾಧಿಕಾರಿಗೆ (ಆರ್‌ಎಫ್‌ಓ) ತಿಳಿಸಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಸತ್ತ ಕಾಡುಪ್ರಾಣಿಯೂ ಸರ್ಕಾರದ ಸೊತ್ತು. ಮತ್ತೆ, ಮಂಗ ಸತ್ತು ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಗೊತ್ತಲ್ಲ, ಅದನ್ನು ಹರಡುವ ಉಣುಗು ಹತ್ತಿಕೊಳ್ತದೆ.

ಘಟ್ಟದಹಕ್ಕಿ:
ನಾಳೆಯೇ ಹೋಗ್ತೇನೆ. ಸರ್, ಎರಡರ ಬಾಲವೂ ನೆಟ್ಟಗೆ, ಚೂಪು.

ನಿವೃತ್ತ ಮಾಸ್ತರು:
ಹಾಗಾದರೆ ಎರಡೂ ಹೆಣ್ಣೇ ಇರಬೇಕು. ಹೆಸರಿಡುವವನು ವರ್ಣನೆ ಬರೆದು ಪ್ರಕಟಿಸಿದವನು, ಹುಳು ಹೆಕ್ಕಿದವನಲ್ಲ. 2000ದಿಂದೀಚೆ ಹೆಸರಿಗೆ ಆಧಾರವಾದ ಮಾದರಿಯನ್ನು (ಒಂದೇ ಆದರೆ ಹೋಲೋಟೈಪ್, ಹಲವಾದರೆ ಸಿನ್‌ಟೈಪ್) ಗುರುತಿಸದೆ ಹೆಸರು ನಿಲ್ಲೋದಿಲ್ಲ, ಅದನ್ನಿಡುವ ಸಂಗ್ರಹಾಲಯವನ್ನೂ ಹೇಳಬೇಕು. ನಮ್ಮಲ್ಲಿ ಕೋಲ್ಕತ್ತದ ಪ್ರಾಣಿ ಸರ್ವೇಕ್ಷಣಾಲಯ ಇದೆ. ಅನುಮತಿ ಸಿಕ್ಕರೆ ಬಾಟಲಿಯೊಳಗೆ ಚೀಟಿ ಹಾಕು: ಪ್ರಾಣಿ, ಕರುಳಿನ ಯಾವ ಭಾಗ, ಜಾಗ, ದಿನಾಂಕ. ಪೆನ್ಸಿಲ್‌ನಲ್ಲೇ ಬರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗ್ತದೆ.