ಅಪ್‌ಡೇಟ್: ಫ್ಲಾಪ್‌ಗಳ ಸದ್ದು ಮರಳಿದೆ

ವಿಮಾನ ಹಾರಾಟದ ಕಂಪ್ಯೂಟರ್ ಆಟವಾದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕಾಗಿ ನಾನು ರೂಪಿಸಿರುವ ವಿಮಾನದ ಹೊಸ ಆವೃತ್ತಿಯಲ್ಲಿ ಬಳಕೆದಾರರಿಗೆ ಫ್ಲಾಪ್‌ಗಳ (ರೆಕ್ಕೆಯ ಹಿಂಬದಿಯಲ್ಲಿ ಇಳಿಯುವ ಫಲಕಗಳ) ಸದ್ದು ಏಕೆ ಕೇಳಿಸುತ್ತಿಲ್ಲವೆಂದು ಕಳೆದ ವಾರ ಇಲ್ಲಿ ವಿಚಾರಿಸಿದ್ದೆ. ತಪ್ಪು ಸಿಮ್ಯುಲೇಟರಿನದಲ್ಲ, ನನ್ನದೇ. ಹೊಸ ಧ್ವನಿ ಕಡತವನ್ನು ಪ್ಯಾಕೇಜಿನ (ವಿಮಾನದ ಎಲ್ಲ ಕಡತಗಳ ಕಟ್ಟಿನ) ಫೋಲ್ಡರಿಗೆ ಕೈಯಾರೆ ಸೇರಿಸಿದ್ದೆನಾದರೂ, ಒಳಗೆ ಯಾವ ಯಾವ ಕಡತಗಳಿವೆ, ಅವುಗಳ ಗಾತ್ರವೆಷ್ಟು ಎಂಬುದನ್ನು ಪಟ್ಟಿ ಮಾಡುವ ಲೇಔಟ್ ಡಾಟ್ ಜೇಸನ್ ಎಂಬ ಕಡತವನ್ನು ಹೊಸದಾಗಿ ಸಿದ್ಧಪಡಿಸಿರಲಿಲ್ಲ; ಆ ಪಟ್ಟಿಯಲ್ಲಿ ಹೆಸರಿಲ್ಲದ ಕಡತ ಡಿಸ್ಕಿನಲ್ಲಿದ್ದರೂ ಸಿಮ್ಯುಲೇಟರಿನ ಪಾಲಿಗೆ ಇಲ್ಲದಂತೆಯೇ. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಎಸ್‌ಡಿಕೆಯಿಂದಲೇ (ಸಿಮ್ಯುಲೇಟರಿನ ಅಭಿವೃದ್ಧಿ ಪರಿಕರಗಳಿಂದ) ಪ್ಯಾಕೇಜನ್ನು ಮತ್ತೆ ಬಿಲ್ಡ್ ಮಾಡಿದ ಮೇಲೆ ಆ ಪಟ್ಟಿಯೂ ಹೊಸದಾಗಿ ಸಿದ್ಧವಾಗಿ ಸದ್ದು ಬಂತು. (ಇನ್ನು ಮುಂದೆ ಕೈಯಾರೆ ಕಡತ ಸೇರಿಸುವ ಗೋಜಿಗೆ ಹೋಗುವುದಿಲ್ಲ.) ಆದರೂ ಇಬ್ಬರಿಗೆ ತೊಂದರೆ ಉಳಿದಿತ್ತು; ಏಕೆಂದರೆ ಅವರು ಕಮ್ಯುನಿಟಿ ಫೋಲ್ಡರಿನಲ್ಲಿ (ಬಳಕೆದಾರರು ಹೆಚ್ಚುವರಿ ವಿಮಾನಗಳನ್ನು ಹಾಕುವ ಜಾಗ) ಹಳೆಯ ಆವೃತ್ತಿಯನ್ನೂ ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದರು. ಅದನ್ನು ತೆಗೆದ ನಂತರ ಅವರಿಗೂ ಸರಿಯಾಗಿದೆ.